ರೋಸ್ ಬೇಡ ಎಂದ ಮಗಳು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ತಾಯಿ, ಮಗಳು ಇಬ್ಬರೂ ಒಪ್ಪಿದ್ದಾರೆ.)

ನನ್ನ ಹತ್ತಿರ ಸಲಹೆ ಕೇಳಲು ಮೊದಲು ಬಂದವರು ತಾಯಿ. ದಕ್ಷಿಣ ಕನ್ನಡದ ಕಥೊಲಿಕ ಕುಟುಂಬ, ಮನೆಮಾತು ಕೊಂಕಣಿ. ಮಗಳಿಗೆ ಬೆಂಗಳೂರಿನಲ್ಲಿ ಕೆಲಸ. ಮದುವೆ ನಿಶ್ಚಯವಾಗಿತ್ತು, ಹುಡುಗನೂ ಅದೇ ಸಮುದಾಯದವನು. ಅಷ್ಟರಲ್ಲಿ ಮಗಳು ಗೆಳತಿಯ ಜೊತೆ ಒಂದು ಪ್ರಾರ್ಥನಾ ಕೂಟಕ್ಕೆ ಹೋಗತೊಡಗಿದಳು. ಅಲ್ಲಿಂದ ವಾಟ್ಸ್ಆಪ್‌ನಲ್ಲಿ ಒಂದು ಪಟ್ಟಿ ಬಂತು. ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರ ಬೇಡ, ಕರಿಮಣಿ ಬೇಡ, ಮದುವೆಗೆ ಉಡುವ ಕೆಂಪು ಸಾಡೊ ಸೀರೆ ಬೇಡ, ಬಳೆ ಶಾಸ್ತ್ರ ಬೇಡ. ಇವೆಲ್ಲ ಅನ್ಯದೇವರ ಆಚಾರ, ಮಾಡಿದರೆ ಹುಟ್ಟುವ ಮಕ್ಕಳಿಗೂ ಶಾಪ ತಟ್ಟುತ್ತದೆ ಎಂದು ಕೆಳಗೆ ಬರೆದಿತ್ತು.

ಮಗಳು ಆ ಪಟ್ಟಿಯನ್ನು ಹಾಗೇ ತಾಯಿಗೆ ಕಳಿಸಿದ್ದಳು. ತಾಯಿ ಕೊರಳಿನ ಕರಿಮಣಿ ಹಿಡಿದುಕೊಂಡು ಕೇಳಿದರು: "ಮೂವತ್ತು ವರ್ಷದಿಂದ ಇದನ್ನು ಹಾಕಿಕೊಂಡೇ ಚರ್ಚಿನ ಪೂಜೆಗೆ ಹೋಗಿದ್ದೇನೆ, ಪರಮಪ್ರಸಾದ ತೆಗೆದುಕೊಂಡಿದ್ದೇನೆ. ಹಾಗಾದ್ರೆ ನಾನು ಎಂತ, ಕ್ರೈಸ್ತಳೇ ಅಲ್ವಾ ಮೇಡಂ?"

ಗೊತ್ತಿಲ್ಲದವರಿಗೆ ಹೇಳಬೇಕು. ರೋಸ್ ಎಂದರೆ ಮದುವೆಯ ಹಿಂದಿನ ಸಂಜೆ ಮದುಮಗಳಿಗೆ, ಅವರವರ ಮನೆಯಲ್ಲಿ ಮದುಮಗನಿಗೂ, ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಹಿರಿಯರು ಎಣ್ಣೆಯಿಂದ ಹಣೆಗೆ ಶಿಲುಬೆ ಗುರುತು ಹಾಕಿ ಶುರು ಮಾಡುತ್ತಾರೆ. ನೆಂಟರು ಒಬ್ಬೊಬ್ಬರಾಗಿ ಬಂದು ಹಚ್ಚುತ್ತಾರೆ, ಹೆಂಗಸರು ವೊವಿಯೊ ಎಂಬ ಕೊಂಕಣಿ ಮದುವೆ ಹಾಡು ಹಾಡುತ್ತಾರೆ.

ಮಗಳು ಬಂದಾಗ ಬೈಬಲ್ ಜೊತೆಗೇ ಬಂದಳು. ವಾದಕ್ಕೆ ತಯಾರಾಗಿದ್ದಳು. ನಾನು ವಾದಕ್ಕೆ ಇಳಿಯಲಿಲ್ಲ. ನೀನು ನೋಡಿದ ರೋಸ್ ಯಾವುದು, ಅದರ ಬಗ್ಗೆ ಹೇಳು ಎಂದೆ.

ಅಕ್ಕನ ರೋಸ್ ನೆನಪಿಸಿಕೊಂಡಳು. ಕುಡಿದು ಗಲಾಟೆ ಮಾಡಿದ ನೆಂಟರು, ಊಟದ ಖರ್ಚಿಗೆ ಅಪ್ಪ ಮಾಡಿದ ಸಾಲ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮಾವ್ಶಿಯ ವಿಷಯ ತೆಗೆದಳು. ಮಾವ್ಶಿ ಎಂದರೆ ತಾಯಿಯ ತಂಗಿ. ಗಂಡ ತೀರಿಕೊಂಡ ಮೇಲೆ ಇವರ ಮನೆಗೇ ಬಂದು, ಈ ಮಕ್ಕಳಿಬ್ಬರನ್ನೂ ಎತ್ತಿ ಆಡಿಸಿದವರು. ಅಕ್ಕನ ರೋಸ್ ದಿನ ತೆಂಗಿನಕಾಯಿ ತುರಿದವರು, ಹಾಲು ಹಿಂಡಿದವರು ಅವರೇ. ಹಚ್ಚುವ ಹೊತ್ತಿಗೆ ಮಾತ್ರ ಅಡುಗೆಮನೆಯಲ್ಲೇ ನಿಂತರು. ವಿಧವೆ ಹಚ್ಚಬಾರದು ಎಂದು ಯಾರೋ ಹೇಳಿದ್ದರು. ತಾಯಿಯೂ ಎದುರು ಮಾತಾಡಲಿಲ್ಲ.

ಈ ಹುಡುಗಿಯ ಸಿಟ್ಟು ಹುಟ್ಟಿದ್ದು ಅಲ್ಲಿ, ಪ್ರಾರ್ಥನಾ ಕೂಟದಲ್ಲಲ್ಲ. ಕೂಟ ಆ ಸಿಟ್ಟಿಗೆ ಒಂದು ಪಟ್ಟಿ ಕೊಟ್ಟಿತು, ಅಷ್ಟೇ.

ಹಾಗಂತ ಅವಳ ನಂಬಿಕೆಯ ಪ್ರಶ್ನೆಯನ್ನು ಬದಿಗಿಡಲು ನನಗೆ ಮನಸ್ಸಿರಲಿಲ್ಲ. ಅದು ನಿಜವಾದ ಪ್ರಶ್ನೆ, ಹಳೆಯ ಪ್ರಶ್ನೆ ಕೂಡ. ವಿಗ್ರಹಕ್ಕೆ ಅರ್ಪಿಸಿದ ಮಾಂಸ ತಿನ್ನಬಹುದೇ ಎಂದು ಕೊರಿಂಥ ಊರಿನ ಮೊದಲ ಕಾಲದ ಕ್ರೈಸ್ತರು ಬೈಬಲಿನ ಪೌಲನನ್ನು ಕೇಳಿದ್ದು ಇದೇ ಜಾತಿಯ ಪ್ರಶ್ನೆ. ವಿಗ್ರಹ ಏನೂ ಅಲ್ಲ ಎಂದು ಪೌಲ ಒಪ್ಪಿದ. ಆದರೆ ನಿನ್ನ ಸ್ವಾತಂತ್ರ್ಯದಿಂದ ಇನ್ನೊಬ್ಬರ ಮನಸ್ಸಾಕ್ಷಿಗೆ ಪೆಟ್ಟಾಗಬಾರದು ಎಂದೂ ಹೇಳಿದ. ಆ ಮಾತು ತಾಯಿಗೂ ಸಲ್ಲುತ್ತದೆ, ಮಗಳಿಗೂ ಸಲ್ಲುತ್ತದೆ.

ಮುಂದಿನ ಸಲ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹಳೆಯ ವಿಷಯ ತೆಗೆದೆ. ಅವರ ಹಿರಿಯರು ಗೋವೆಯಿಂದ ಬಂದವರು. 1736ರಲ್ಲಿ ಗೋವೆಯ ಇನ್‌ಕ್ವಿಸಿಷನ್, ಅಂದರೆ ಪೋರ್ಚುಗೀಸರ ಕಾಲದ ಧರ್ಮವಿಚಾರಣಾ ನ್ಯಾಯಾಲಯ, ಒಂದು ಆಜ್ಞೆ ಹೊರಡಿಸಿತು. ಮದುವೆಗೆ ಮುಂಚೆ ಅರಿಸಿನ, ಹಾಲು, ತೆಂಗಿನೆಣ್ಣೆ ಹಚ್ಚುವುದು, ವೊವಿಯೊ ಹಾಡುವುದು, ಅಂಗಳದಲ್ಲಿ ತುಳಸಿ ಬೆಳೆಸುವುದು, ಎಲ್ಲಕ್ಕೂ ನಿಷೇಧ. ಮಗಳ ಫೋನಿನಲ್ಲಿದ್ದ ಪಟ್ಟಿಗೂ ಅದಕ್ಕೂ ಎಷ್ಟು ಹೋಲಿಕೆ! ಆ ನಿಷೇಧ ದಾಟಿಯೂ ರೋಸ್ ಉಳಿಯಿತು. ಕಥೊಲಿಕ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಬೇರೆಯೇ ದಾರಿ ತೋರಿಸಿತು. ಮೂಢನಂಬಿಕೆಗೆ ಬಿಡಿಸಲಾಗದಂತೆ ಅಂಟಿಕೊಂಡಿಲ್ಲದ ಆಚಾರಗಳನ್ನು ಆದರದಿಂದ ನೋಡಬೇಕು, ಮದುವೆಯ ಒಳ್ಳೆಯ ಪದ್ಧತಿಗಳನ್ನು ಉಳಿಸಿಕೊಳ್ಳಬೇಕು ಎಂದಿತು. ನಿಶ್ಚಿತಾರ್ಥದ ಉಂಗುರ ಮಗಳ ಬೆರಳಲ್ಲೇ ಇತ್ತು. ಅದೂ ರೋಮನ್ನರಲ್ಲಿ ಕ್ರೈಸ್ತಧರ್ಮಕ್ಕೆ ಮೊದಲೇ ಇದ್ದ ಪದ್ಧತಿ ಎಂದಾಗ ಅವಳು ಉಂಗುರವನ್ನೇ ನೋಡುತ್ತಾ ಕೂತಳು.

ಇದಕ್ಕಿಂತ ಜಾಸ್ತಿ ಹೊತ್ತು ನಾವು ಮಾತಾಡಿದ್ದು ಭಯದ ಬಗ್ಗೆ. ಕರಿಮಣಿ ಹಾಕಿದರೆ ಶಾಪ ಎಂದು ಮಗಳಿಗೆ ಭಯ. ಹಾಕದಿದ್ದರೆ ಅಳಿಯನ ಆಯುಸ್ಸಿಗೆ ಕುತ್ತು ಎಂದು ತಾಯಿಗೆ ಭಯ. ಆ ಕಪ್ಪು ಮಣಿಗೆ ಅಷ್ಟು ಶಕ್ತಿ ಕೊಟ್ಟವರು ನೀವಿಬ್ಬರೂ, ನಿಮ್ಮ ವಿಶ್ವಾಸ ಅಲ್ಲ ಎಂದೆ. ಖಾರವಾಗಿಯೇ ಹೇಳಿದೆ, ಹೇಳಲೇಬೇಕಿತ್ತು.

ಮಗಳಿಗೆ ಕೊಟ್ಟ ಸಲಹೆ ಇದು. ಪಟ್ಟಿಯನ್ನು ಇಡಿಯಾಗಿ ಒಪ್ಪಬೇಡ, ಇಡಿಯಾಗಿ ಬಿಸಾಡಲೂ ಬೇಡ. ಒಂದೊಂದನ್ನೇ ತೆಗೆದುಕೊಂಡು ಕೇಳು: ಮಾಡುವವರು ಇವತ್ತು ಇದನ್ನು ಏನೆಂದುಕೊಂಡು ಮಾಡುತ್ತಾರೆ? ಇದರಿಂದ ಯಾರಿಗಾದರೂ ನೋವಾಗುತ್ತಾ? ಮನಸ್ಸಾಕ್ಷಿ ಒಪ್ಪದೇ ಇದ್ದರೆ ಬೇಡ ಎನ್ನು, ಆದರೆ ನಿನ್ನ ಮಾತಿನಲ್ಲಿ ಹೇಳು. ಫಾರ್ವರ್ಡ್ ಮಾಡಬೇಡ. ಊರಿನ ಚರ್ಚಿನ ಗುರುಗಳ ಹತ್ತಿರ ತಾಯಿಯನ್ನೂ ಕರೆದುಕೊಂಡು ಹೋಗು.

ತಾಯಿಗೆ ಹೇಳಿದ್ದು: "ನಾನು ಮದುವೆಗೇ ಬರುವುದಿಲ್ಲ" ಎಂಬ ಮಾತು ನಿಲ್ಲಿಸಿ. ಹೆದರಿಸಿ ಹಾಕಿಸಿದ ಕರಿಮಣಿಯಿಂದ ನಿಮಗೆ ಯಾವ ಸಮಾಧಾನವೂ ಸಿಗಲ್ಲ. ನಿಮ್ಮ ತಂಗಿಯನ್ನು ಅಡುಗೆಮನೆಯಲ್ಲಿ ನಿಲ್ಲಿಸಿದ ವಿಷಯಕ್ಕೆ ಮಗಳ ಹತ್ತಿರ ಉತ್ತರ ಕೊಡಿ. ಸುವಾರ್ತೆ ಕೈಹಾಕಬೇಕಾದ ಜಾಗ ಅದು. ತೆಂಗಿನ ಹಾಲಲ್ಲಿ ಏನಿದೆ?

ತಾಯಿ ಅವತ್ತು ಉತ್ತರ ಕೊಡಲಿಲ್ಲ. ಮನೆಗೆ ಹೋಗಿ ತಂಗಿಯ ಹತ್ತಿರ ಮಾತಾಡಿದರಂತೆ, ಇಬ್ಬರೂ ಅತ್ತರಂತೆ.

ಕೊನೆಗೆ ರೋಸ್ ನಡೆಯಿತು. ಮದ್ಯ ಇರಲಿಲ್ಲ, ನೆಂಟರೂ ಕಡಿಮೆ. ಪ್ರಾರ್ಥನೆಯಾದ ಮೇಲೆ ಮೊದಲು ಹಾಲು ಹಚ್ಚಿದ್ದು ಮಾವ್ಶಿ. ಇಬ್ಬರು ಹಿರಿಯ ಹೆಂಗಸರು ಮುಖ ಗಂಟಿಕ್ಕಿಕೊಂಡು ಬೇಗ ಹೊರಟುಹೋದರು. ಮಗಳು ಸಾಡೊ ಉಟ್ಟಳು, ಅಮ್ಮನಿಗಾಗಿ. ಕರಿಮಣಿ ಮಾತ್ರ ಹಾಕಲಿಲ್ಲ, ಶಿಲುಬೆ ಇರುವ ಸರ ಹಾಕಿಕೊಂಡಳು. ಅತ್ತೆಗೆ ಆ ವಿಷಯ ಮೊದಲೇ ಹೇಳುವ ಜವಾಬ್ದಾರಿ ಹುಡುಗನದು ಎಂದು ನಾನು ಹೇಳಿದ್ದೆ, ಅವನು ಹೇಳಿದ. ತಾಯಿಗೆ ಅದು ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಮಗಳು ಕೂಟಕ್ಕೆ ಈಗಲೂ ಹೋಗುತ್ತಾಳೆ, ಬೇಡ ಎಂದು ನಾನು ಹೇಳಿಲ್ಲ.

ಮಗು ಹುಟ್ಟಿದಾಗ ದೃಷ್ಟಿಗೆ ಕಪ್ಪು ಬಳೆ ಹಾಕುವ ಮಾತು ಬಂದೇ ಬರುತ್ತದೆ. ಜಗಳ ಫೋನಿನಲ್ಲಿ ಶುರುವಾಗುವ ಮೊದಲೇ ಬನ್ನಿ, ಈ ಸಲ ಮಾವ್ಶಿಯನ್ನೂ ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದೇನೆ.