ಮದುವೆ ಮುಗಿಯಿತು, ಟೇಪಿನ ಅಂಟು ಉಳಿಯಿತು

ಪ್ರಶ್ನೆ: ತಂಗಿ ಮದುವೆಗೆ ನಮ್ಮ ಬಿಳಿ ಕಾರಿಗೇ ಅಲಂಕಾರ ಮಾಡಿಸಿದ್ದೆವು. ಬಾನೆಟ್ ಮೇಲೆ, ಬಾಗಿಲುಗಳ ಮೇಲೆ ಹೂವು, ರಿಬ್ಬನ್ ಎಲ್ಲವನ್ನೂ ಟೇಪ್ ಹಾಕಿ ಅಂಟಿಸಿದ್ದರು. ಬೀಗರ ಊಟ, ಓಡಾಟ ಅಂತ ಮೂರು ವಾರ ಆ ಕಡೆ ಗಮನ ಕೊಡಲಾಗಲಿಲ್ಲ, ಕಾರು ಬಿಸಿಲಲ್ಲೇ ನಿಂತಿತ್ತು. ಈಗ ಟೇಪ್ ಕಿತ್ತರೆ ಪ್ಲಾಸ್ಟಿಕ್ ಚೂರುಚೂರಾಗಿ ಬರುತ್ತದೆ, ಅಂಟು ಅಲ್ಲೇ ಉಳಿಯುತ್ತದೆ. ಅದರ ಮೇಲೆ ಧೂಳು ಕೂತು ಕಪ್ಪು ಪಟ್ಟಿಗಳಾಗಿವೆ. ಗ್ಯಾರೇಜಿನವರು ಥಿನ್ನರ್ ಹಾಕಿ ಒರೆಸಿ ಅನ್ನುತ್ತಾರೆ, ಅಪ್ಪ ಸೀಮೆಎಣ್ಣೆ ಸಾಕು ಅನ್ನುತ್ತಾರೆ. ಹಿಂದಿನ ಒಂದು ಬಾಗಿಲಿಗೆ ಹೋದ ವರ್ಷ ಹೊಸದಾಗಿ ಪೇಂಟ್ ಮಾಡಿಸಿದ್ದೇವೆ. ಏನು ಮಾಡಲಿ?
– ಓದುಗರೊಬ್ಬರು, ತಿಪಟೂರು

ಉತ್ತರ: ಥಿನ್ನರ್ ಮಾತ್ರ ಬೇಡವೇ ಬೇಡ. ನಿಮ್ಮ ಆ ಹಿಂದಿನ ಬಾಗಿಲಿಗಂತೂ ಅದನ್ನು ಹತ್ತಿರ ಕೂಡ ತರಬೇಡಿ.

ಯಾಕೆ ಅಂದರೆ, ಕಂಪನಿಯಲ್ಲಿ ಕಾರಿನ ಬಣ್ಣವನ್ನು ಸುಮಾರು 140 ಡಿಗ್ರಿ ಕಾವಿನಲ್ಲಿ ಬೇಯಿಸಿ ಗಟ್ಟಿ ಮಾಡಿರುತ್ತಾರೆ. ಸೀಟು, ಗಾಜು, ವೈರಿಂಗ್ ಎಲ್ಲ ಇರುವ ಕಾರನ್ನು ಗ್ಯಾರೇಜಿನಲ್ಲಿ ಅಷ್ಟು ಕಾಯಿಸಲು ಆಗುವುದಿಲ್ಲ, ಹಾಗಾಗಿ ಆಮೇಲೆ ಹೊಡೆಸಿದ ಬಣ್ಣ ಸಾಮಾನ್ಯವಾಗಿ ಅಷ್ಟು ಗಟ್ಟಿ ಇರುವುದಿಲ್ಲ. ನಮ್ಮ ಪಕ್ಕದ ಮನೆಯವರ ಕೆಂಪು ಕಾರಿನಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಹೊಸದಾಗಿ ಬಣ್ಣ ಹೊಡೆಸಿದ್ದ ಬಾಗಿಲಿನ ಸ್ಟಿಕ್ಕರ್ ಅಂಟು ತೆಗೆಯಲು ಹಳೇ ಬನಿಯನ್ ತುಂಡಿಗೆ ಥಿನ್ನರ್ ಹಾಕಿ ಒರೆಸಿದರು. ಎರಡೇ ಸಲಕ್ಕೆ ಬಿಳಿ ಬನಿಯನ್ ಕುಂಕುಮ ಕದಡಿದ ಹಾಗೆ ಕೆಂಪಾಯಿತು. ಅಂಟು ಹೋಯಿತು ನಿಜ, ಆದರೆ ಅಂಗೈ ಅಗಲದ ಜಾಗ ಹೊಳಪು ಕಳೆದುಕೊಂಡು ಸುಣ್ಣ ಬಳಿದ ಗೋಡೆ ಹಾಗಾಯಿತು.

ಇನ್ನೊಂದು ವಿಷಯ. ಬಣ್ಣದ ಮೇಲೆ ಕಣ್ಣಿಗೆ ಕಾಣದ ಒಂದು ಪದರ ಇರುತ್ತದೆ, ಕ್ಲಿಯರ್ ಕೋಟ್ ಅಂತ. ಹೊಳಪೆಲ್ಲ ಅದರದೇ. ದಪ್ಪ ಬರೀ 40–50 ಮೈಕ್ರಾನ್, ಅಂದರೆ ಒಂದು ಎ4 ಹಾಳೆಯ ಅರ್ಧದಷ್ಟು. ಇದನ್ನು ಹಾಳು ಮಾಡುವುದು ಅಂಟಿಗಿಂತ ಜಾಸ್ತಿ ನಮ್ಮ ಕೈಯೇ. ಅಂಟಿನ ಮೇಲೆ ಕೂತ ಧೂಳಿನ ಸಮೇತ ಒಣಬಟ್ಟೆಯಲ್ಲಿ ಉಜ್ಜಿದರೆ ಉಪ್ಪುಕಾಗದ ಹಾಕಿ ಉಜ್ಜಿದಂತೆಯೇ ಆಗುತ್ತದೆ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್, ಬ್ಲೇಡು ಇವೆಲ್ಲ ದೂರ ಇರಲಿ. ಬ್ಲೇಡ್ ಗಾಜಿಗೆ ಮಾತ್ರ ಸರಿ.

ಹಾಗಾಗಿ ಮೊದಲು ಕಾರನ್ನು ನೆರಳಿಗೆ ತನ್ನಿ, ಶಾಂಪೂ ನೀರು ಹಾಕಿ ಚೆನ್ನಾಗಿ ತೊಳೆಯಿರಿ. ಆಮೇಲೆ ಮನೆಯಲ್ಲಿರುವ ಹೇರ್ ಡ್ರೈಯರನ್ನು ಟೇಪಿನಿಂದ ಒಂದು ಗೇಣು ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಅರ್ಧ ನಿಮಿಷ, ಒಂದು ನಿಮಿಷ ಬಿಸಿ ಮಾಡಿ. ಅಂಗೈ ಇಟ್ಟರೆ ತಡೆಯುವಷ್ಟು ಬಿಸಿ ಸಾಕು. ಈಗ ಉಗುರಿನಿಂದ ಟೇಪಿನ ಮೂಲೆ ಎಬ್ಬಿಸಿ, ಮೇಲಕ್ಕೆ ಎಳೆಯದೆ, ಹಿಂದಕ್ಕೆ ಮಡಚಿದ ಹಾಗೆ ನಿಧಾನಕ್ಕೆ ಎಳೆಯಿರಿ. ನಿಂತರೆ ಮತ್ತೆ ಬಿಸಿ ಮಾಡಿ. ಅವಸರ ಮಾಡಿದಲ್ಲೇ ಅದು ಹರಿಯುವುದು.

ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ. ತಿಪಟೂರಿನವರಿಗೆ ಎಣ್ಣೆ ಹುಡುಕಬೇಕಾಗಿಲ್ಲ ಅಲ್ವಾ? ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಸವರಿಕೊಳ್ಳುತ್ತೇವಲ್ಲ, ಇದೂ ಅದೇ ಲೆಕ್ಕ. ಟೇಪಿನ ಅಂಟು ನೀರಿಗೆ ಜಗ್ಗುವುದಿಲ್ಲ, ಎಣ್ಣೆ ಕುಡಿದರೆ ಮೆತ್ತಗಾಗುತ್ತದೆ. ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಪಟ್ಟಿಯ ಮೇಲೆ ಹಾಸಿ ಕಾಲು ಗಂಟೆ ಸುಮ್ನೆ ಬಿಟ್ಟುಬಿಡಿ. ಆಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕಿದರೆ ಅಂಟು ಶಾವಿಗೆ ಎಳೆಗಳ ಹಾಗೆ ಸುರುಳಿ ಸುರುಳಿಯಾಗಿ ಏಳುತ್ತದೆ. ಒಂದೇ ಸಲಕ್ಕೆ ಪೂರ್ತಿ ಹೋಗದಿದ್ದರೆ ಇನ್ನೊಮ್ಮೆ ಎಣ್ಣೆ ಇಡಿ, ಜೋರಾಗಿ ಒತ್ತಬೇಡಿ. ತುಕ್ಕು ಬಿಡಿಸುವ ಡಬ್ಲ್ಯೂಡಿ-40 ಸ್ಪ್ರೇ ಇದ್ದರೆ ಅದೂ ಆಗುತ್ತದೆ, ಬೇಗ ಕೆಲಸ ಮಾಡುತ್ತದೆ.

ಅದಕ್ಕೂ ಬಗ್ಗದ ಚೂರುಗಳಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ತಂದು ಅಷ್ಟೇ ನೀರು ಬೆರೆಸಿ, ಮೈಕ್ರೋಫೈಬರ್ ಬಟ್ಟೆಗೆ ಹಾಕಿ ಒರೆಸಿ. ಇದು ಬೆಂಕಿಗೆ ಹತ್ತುವ ವಸ್ತು, ಆಗ ಹೇರ್ ಡ್ರೈಯರ್ ಆನ್ ಮಾಡಲೇಬಾರದು. ಪೇಂಟ್ ಮಾಡಿಸಿದ ಬಾಗಿಲಿಗೆ ಹಾಕುವ ಮುಂಚೆ ಬಾಗಿಲು ತೆರೆದು ಒಳಅಂಚಿನಲ್ಲಿ ಬಟ್ಟೆ ತಾಗಿಸಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ, ಆ ಬಾಗಿಲಿಗೆ ಎಣ್ಣೆಯೊಂದೇ ಗತಿ. ಬಿಳಿ ಬಣ್ಣವಾದ್ದರಿಂದ ಕಪ್ಪು ಅಥವಾ ನೀಲಿ ಬಟ್ಟೆಯಲ್ಲಿ ನೋಡಿದರೆ ಗೊತ್ತಾಗುತ್ತದೆ.

ಅಪ್ಪ ಹೇಳಿದ್ದು ತೀರಾ ತಪ್ಪಲ್ಲ. ಸೀಮೆಎಣ್ಣೆಗೆ ಅಂಟು ಬಿಡುತ್ತದೆ. ಆದರೆ ಅದು ಬಾಗಿಲಿನ ರಬ್ಬರ್ ಬೀಡಿಂಗಿಗೆ ಒಳ್ಳೆಯದಲ್ಲ, ಕೊಬ್ಬರಿ ಎಣ್ಣೆಯಲ್ಲೇ ಆಗುವ ಕೆಲಸಕ್ಕೆ ಅದು ಯಾಕೆ?

ಕೊನೆಗೆ ಮತ್ತೆ ಶಾಂಪೂ ಹಾಕಿ ತೊಳೆಯುವುದು ಮರೆಯಬೇಡಿ, ಎಣ್ಣೆ ಉಳಿದರೆ ಧೂಳು ಕೂರುತ್ತದೆ. ಒಣಗಿದ ಮೇಲೆ ಆ ಜಾಗಕ್ಕೆ ಸ್ವಲ್ಪ ವ್ಯಾಕ್ಸ್ ಹಚ್ಚಿ. ಇಷ್ಟಾದ ಮೇಲೂ ಟೇಪಿನ ಆಕಾರದ ನೆರಳು ಕಂಡರೆ ಅದು ಅಂಟಲ್ಲ, ಸುತ್ತಲಿನ ಬಣ್ಣ ಬಿಸಿಲಿಗೆ ಬೇರೆಯಾಗಿರುವುದು. ಅದಕ್ಕೆ ಪಾಲಿಶ್ ಮಾಡಿಸಬೇಕು.

ಮುಂದಿನ ಮದುವೆಗೆ ಅಲಂಕಾರದವರಿಗೆ ಮೊದಲೇ ಹೇಳಿಬಿಡಿ: ಹಾರಗಳನ್ನು ಬಾಗಿಲ ಹಿಡಿಗೆ ದಾರದಲ್ಲಿ ಕಟ್ಟಲಿ, ಟೇಪ್ ಬೇಕೇ ಬೇಕಾದರೆ ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪ್ ಹಾಕಲಿ. ಅದನ್ನೂ ಅವತ್ತೇ ಸಂಜೆ ತೆಗೆಯಿರಿ.

ಪ್ರಶ್ನೆ: ಮನೆ ಮುಂದೆ ಮಾವಿನ ಮರ ಇದೆ. ಹೂ ಬಿಡುವ ಕಾಲಕ್ಕೆ ಕೆಳಗೆ ನಿಂತ ಕಾರಿನ ಮೇಲೆಲ್ಲ ಸಣ್ಣ ಅಂಟು ಹನಿಗಳು. ಎಣ್ಣೆ ಹಚ್ಚಿ ಒರೆಸಿದೆ, ಇನ್ನೂ ಜಿಡ್ಡಾಯಿತು.
– ಓದುಗರೊಬ್ಬರು, ಶ್ರೀನಿವಾಸಪುರ

ಉತ್ತರ: ಅದು ಮರದ ಅಂಟಲ್ಲ. ಹೂಗೊಂಚಲಿನ ರಸ ಹೀರುವ ಜಿಗಿಹುಳು ಬಿಡುವ ಸಿಹಿ ದ್ರವ, ಹೆಚ್ಚುಕಡಿಮೆ ಸಕ್ಕರೆ ಪಾಕವೇ. ಪಾಕಕ್ಕೆ ಎಣ್ಣೆ ಹಾಕಿದರೆ ಕರಗುತ್ತದೆಯೇ? ನೀರು ಬೇಕು. ಉಗುರುಬೆಚ್ಚಗಿನ ನೀರಲ್ಲಿ ಟವೆಲ್ ಅದ್ದಿ ಐದು ನಿಮಿಷ ಹಾಸಿ, ಆಮೇಲೆ ಶಾಂಪೂ ನೀರಲ್ಲಿ ತೊಳೆಯಿರಿ. ತುಂಬಾ ದಿನ ಬಿಟ್ಟರೆ ಅದರ ಮೇಲೆ ಕಪ್ಪು ಬೂಸ್ಟು ಬೆಳೆಯುತ್ತದೆ, ಮಾವಿನ ಎಲೆಗಳ ಮೇಲೆ ಮಸಿ ಹಿಡಿದಂತೆ ಕಾಣುತ್ತದಲ್ಲ, ಅದೇ. ಕಾಯಿ ತೊಟ್ಟಿನ ಸೊನೆ ಬಿದ್ದರೆ ಮಾತ್ರ ಬೇರೆ, ತುಟಿಯನ್ನೇ ಸುಡುವಂಥದ್ದು ಅದು. ಕಂಡ ತಕ್ಷಣ ತೊಳೆದು, ಕಲೆ ಉಳಿದರೆ ಮೇಲೆ ಹೇಳಿದ ನೀರು ಬೆರೆಸಿದ ಆಲ್ಕೋಹಾಲ್‌ನಲ್ಲಿ ಒರೆಸಿ.

ಪ್ರಶ್ನೆ: ಹೆಡ್‌ಲೈಟ್ ಮೇಲಿನ ಸ್ಟಿಕ್ಕರ್ ಅಂಟಿಗೆ ನೇಲ್ ಪಾಲಿಶ್ ರಿಮೂವರ್ ಹಾಕಿದೆ. ಬೆಳ್ಳಗೆ ಮಬ್ಬಾಯಿತು. ಹೋಗುತ್ತಾ?
– ಓದುಗರೊಬ್ಬರು, ಹಾವೇರಿ

ಉತ್ತರ: ಒರೆಸಿದರೆ ಹೋಗುವುದಿಲ್ಲ. ಈಗಿನ ಹೆಡ್‌ಲೈಟ್ ಗಾಜಲ್ಲ, ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್. ರಿಮೂವರಿನಲ್ಲಿ ಅಸಿಟೋನ್ ಇದ್ದರೆ ಅದು ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಮಬ್ಬು ಮೇಲ್ಮೇಲೆ ಇದ್ದರೆ ನೀರು ಹಾಕಿ ಉಜ್ಜುವ ನಯವಾದ ಉಪ್ಪುಕಾಗದದಲ್ಲಿ ಉಜ್ಜಿ, ಪಾಲಿಶ್ ಮಾಡಿ, ಮೇಲೆ ಹೊಸ ಕೋಟಿಂಗ್ ಕೊಡುವವರು ಇದ್ದಾರೆ, ಅವರ ಹತ್ತಿರ ತೋರಿಸಿ. ಕೂದಲೆಳೆಯಂಥ ಬಿರುಕುಗಳು ಒಳಕ್ಕೆ ಇಳಿದಿದ್ದರೆ ಲೈಟನ್ನೇ ಬದಲಾಯಿಸಬೇಕಾಗುತ್ತದೆ. ಅಲ್ಲಿಯವರೆಗೆ ರಾತ್ರಿ ಹೈವೇ ಮೇಲೆ ಓಡಿಸಬೇಡಿ.