ಬರ ತಾಳಿಕೊಳ್ಳುವ ಸೀಡಮ್ ಗಿಡ ದಿನವೂ ನೀರು ಹಾಕಿದರೆ ಕೊಳೆಯುವುದೇಕೆ?

ನೀರು ಹೆಚ್ಚಾದದ್ದೇ ಕಾರಣ. ನೆಲಕ್ಕಂಟಿ ಹರಡುವ ಸೀಡಮ್ ತನ್ನ ದಪ್ಪ ಎಲೆಗಳಲ್ಲೇ ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಮೇಲಾಗಿ, ನೆಲ ಒಣಗಿದಾಗ ಎಲೆಯ ಸೂಕ್ಷ್ಮ ರಂಧ್ರಗಳನ್ನು ಹಗಲು ಮುಚ್ಚಿ, ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಆಗ ಒಳಗೆಳೆದ ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಇಟ್ಟುಕೊಂಡು ಮರುದಿನ ಬಿಸಿಲಿನಲ್ಲಿ ಆಹಾರ ತಯಾರಿಸುತ್ತದೆ. ಹೀಗಾಗಿ ಆವಿಯಾಗುವ ನೀರು ಬಹಳ ಕಡಿಮೆ. ಮಣ್ಣು ಸದಾ ಒದ್ದೆಯಾಗಿದ್ದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ.

ಎಲೆ ಹಳದಿಯಾಗಿ, ಒತ್ತಿದರೆ ಮೆತ್ತಗಾಗಿದ್ದರೆ ನೀರು ನಿಲ್ಲಿಸಿ. ಮಣ್ಣು ಪೂರ್ತಿ ಒಣಗಿ ಎಲೆ ಸುಕ್ಕುಗಟ್ಟತೊಡಗಿದಾಗ ಕೊಡಿ. ಮಣ್ಣಿಗೆ ದಪ್ಪ ಮರಳು ಬೆರೆಸಿ, ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೀಳುವಲ್ಲಿ ನೆಡಿ. ಗೊಬ್ಬರದ ಉಪಚಾರವಂತೂ ಬೇಡ, ಕಾಂಡ ಸೊಕ್ಕಿ ಉದ್ದವಾಗಿ ಬಾಗುತ್ತದೆ. ಗಟ್ಟಿಯಾಗಿ ಉಳಿದಿರುವ ತುಂಡುಗಳನ್ನು ಎಸೆಯಬೇಡಿ. ಮರಳುಮಣ್ಣಿನ ಮೇಲಿಟ್ಟರೆ ಬೇರು ಬಿಡುತ್ತವೆ.