ವೇತನ ಒಂದೇ ಆಗಿದ್ದರೂ ವಿಶ್ವವಿದ್ಯಾಲಯಗಳಲ್ಲಿ ಮಹಿಳಾ ಪ್ರಾಧ್ಯಾಪಕರು ಏಕೆ ಕಡಿಮೆ?

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ವೇತನಶ್ರೇಣಿ ಗಂಡು ಹೆಣ್ಣೆಂದು ಭೇದ ಮಾಡುವುದಿಲ್ಲ. ಅಂತರ ಹುಟ್ಟುವುದು ಬಡ್ತಿಯ ಹಾದಿಯಲ್ಲಿ. ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ಸಹ ಪ್ರಾಧ್ಯಾಪಕರು ಪ್ರಾಧ್ಯಾಪಕರಾಗಲು ಪಿಎಚ್‌ಡಿಯ ಜೊತೆಗೆ ಕನಿಷ್ಠ 10 ಸಂಶೋಧನಾ ಲೇಖನಗಳು ಬೇಕು. ಅವನ್ನು ಬರೆಯಬೇಕಾದ ವರ್ಷಗಳೇ ಬಹಳಷ್ಟು ಮಹಿಳೆಯರಿಗೆ ಹೆರಿಗೆ, ಮಕ್ಕಳ ಪಾಲನೆ, ಹಿರಿಯರ ಆರೈಕೆಯ ವರ್ಷಗಳೂ ಆಗಿರುತ್ತವೆ. ಮುಂಜಾನೆ ರೊಟ್ಟಿ ಬಡಿದು, ಮಕ್ಕಳ ಡಬ್ಬಿ ಕಟ್ಟಿ, ಕಲಬುರಗಿಯಿಂದ ಬಸ್ಸಿನಲ್ಲಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ನಿತ್ಯ ಹೋಗಿಬರುವ ಅಧ್ಯಾಪಕಿಯೊಬ್ಬರಿಗೆ ಸಂಶೋಧನೆಗೆಂದು ಉಳಿಯುವುದು ರಾತ್ರಿಯ ಒಂದೆರಡು ತಾಸು ಮಾತ್ರ. ನನಗೆ ಹೆಚ್ಚು ನೋವು ತರುವುದು ಇನ್ನೊಂದು: ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ರಂಗೋಲಿ, ಸ್ವಾಗತ, ಉಪಾಹಾರದ ಹೊಣೆ ಎಷ್ಟೋ ಕಡೆ ಕೇಳದೆಯೇ ಮಹಿಳೆಯರ ಪಾಲಾಗುತ್ತದೆ, ಆ ದುಡಿಮೆಗೆ ಬಡ್ತಿಯ ಅರ್ಜಿಯಲ್ಲಿ ಕಾಲಂ ಇರುವುದಿಲ್ಲ.